ಒಂದು ತೆರೆದ ಕಾರಿನ ಪಾಠಾಂತರಗಳು

ಕನ್ನಡ ಕಲಿಸಿ ನಿವೃತ್ತನಾದವನು ಮೋಟಾರು ಗಾಡಿಯ ಮಾತೆತ್ತಿದರೆ ಕೇಳುಗರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ನನಗೆ ಗಾಡಿ ನಡೆಸಲು ಬರುವುದಿಲ್ಲ. ಬಾನೆಟ್ಟನ್ನು ಎತ್ತಿ ತೋರಿಸಿದರೆ ಬ್ಯಾಟರಿಯೊಂದನ್ನು ಬಿಟ್ಟು ಮತ್ತೇನನ್ನೂ ಗುರುತಿಸಲಾರೆ. ಆದರೆ ಓದುವುದು ನನ್ನ ಕಸುಬು. ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಓದಲು ಸಿಕ್ಕ ಬರಹಗಳಲ್ಲಿ ಬಹುಕಾಲ ಮನಸ್ಸಿನಲ್ಲಿ ನಿಂತದ್ದು ಯಾವ ಕಾದಂಬರಿಯೂ ಅಲ್ಲ. ಮೂರು ಪುಟಗಳ ಒಂದು ಮಾರಾಟದ ಪತ್ರ. 1967ರ ಪಾಂಟಿಯಾಕ್ ಜಿಟಿಒ ಎಂಬ, ಚಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಕಾರೊಂದು ಮಾರಾಟಕ್ಕಿದೆ ಎಂಬುದು ಅದರ ಸಾರ. ತಲೆಬರಹದಲ್ಲಿ ಆ ಕಾರಿಗೆ ಎರಡು ವಿಶೇಷಣಗಳನ್ನು ಹಚ್ಚಿದ್ದರು: ಜೀರ್ಣೋದ್ಧಾರ ಮಾಡಿದ್ದು, ಮಾರ್ಪಡಿಸಿದ್ದು. ಈ ಎರಡು ಮಾತು ಒಂದೇ ವಸ್ತುವಿಗೆ ಹೇಗೆ ಒಪ್ಪುತ್ತವೆ? ಜೀರ್ಣೋದ್ಧಾರವೆಂದರೆ ಮೊದಲು ಹೇಗಿತ್ತೋ ಹಾಗೆ ಮಾಡುವುದು. ಮಾರ್ಪಾಟೆಂದರೆ ಮೊದಲಿದ್ದಂತೆ ಇರಗೊಡದಿರುವುದು. ವ್ಯಾಕರಣದ ಮೇಷ್ಟರ ಕಣ್ಣಿಗೆ ಇದು ದೋಷವಾಗಿ ಕಂಡಿತು. ಪತ್ರವನ್ನು ಕೊನೆಯವರೆಗೆ ಓದಿದ ಮೇಲೆ ದೋಷವಲ್ಲವೆಂದು ತಿಳಿಯಿತು.

ಮೊದಲು ಈ ಬಗೆಯ ಗಾಡಿಯ ವಿಷಯವಾಗಿ ಒಂದೆರಡು ಮಾತು. ಅಮೆರಿಕನ್ನರು ಇವನ್ನು ಮಸಲ್ ಕಾರುಗಳೆಂದು ಕರೆಯುತ್ತಾರೆ. ಸ್ನಾಯು ಕಾರು ಎಂದು ಕನ್ನಡಿಸಿದರೆ ವೈದ್ಯಶಾಸ್ತ್ರದ ವಾಸನೆ ಹೊಡೆಯುತ್ತದೆ. ಜಟ್ಟಿ ಕಾರು ಎನ್ನಬಹುದೇನೋ. ಗರಡಿಯಲ್ಲಿ ಸಾಮು ಮಾಡಿದ ಮೈ, ಆದರೆ ಉಟ್ಟದ್ದು ಸಾಧಾರಣ ಗೃಹಸ್ಥನ ಬಟ್ಟೆ, ಅಂಥದು. ಮಧ್ಯಮ ಗಾತ್ರದ ಸಂಸಾರಸ್ಥರ ಗಾಡಿಯೊಳಗೆ ದೊಡ್ಡ ಗಾಡಿಯ ಎಂಜಿನನ್ನು ಕೂರಿಸುವುದು ಇದರ ಮೂಲಸೂತ್ರ. ಇಂಥ ಪ್ರಯತ್ನಗಳು ಹಿಂದೆಯೂ ನಡೆದಿದ್ದವು. ಆದರೆ 1964ರ ಜಿಟಿಒ ಬಂದ ಮೇಲೆ ಅದೊಂದು ಪ್ರಕಾರವೇ ಆಯಿತು.

ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1963ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಹಿರಿಯರು ತಮ್ಮ ವಿಭಾಗಗಳು ಪಂದ್ಯಗಳಿಂದ ದೂರವಿರಬೇಕೆಂದು ಕಟ್ಟುಮಾಡಿದರು. ಮಧ್ಯಮ ಗಾತ್ರದ ಗಾಡಿಗಳ ಎಂಜಿನು 330 ಘನ ಅಂಗುಲವನ್ನು ಮೀರಬಾರದೆಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್, ಅವರ ಜೊತೆಗಾರರಾದ ಬಿಲ್ ಕಾಲಿನ್ಸ್, ರಸ್ ಗೀ ಇವರಿಗೆ ಒಂದು ಸಂಗತಿ ಹೊಳೆಯಿತು. ತಮ್ಮ 326 ಘನ ಅಂಗುಲದ ಎಂಜಿನಿಗೂ 389ರ ಎಂಜಿನಿಗೂ ಹೊರಗಿನ ಅಳತೆ ಒಂದೇ. ಒಂದು ಕೂತ ಜಾಗದಲ್ಲಿ ಇನ್ನೊಂದನ್ನು ಹೆಚ್ಚು ತೊಡಕಿಲ್ಲದೆ ಕೂರಿಸಬಹುದು. ನಿಯಮವೋ ಗಾಡಿಯ ಮಾದರಿಗೆ ಅನ್ವಯಿಸುವಂಥದು. ಗಿರಾಕಿ ಬೇಕೆಂದು ಕೇಳಿ ಪಡೆಯುವ ಹೆಚ್ಚುವರಿ ಸಾಮಗ್ರಿಯ ಮಾತನ್ನು ಅದು ಎತ್ತಿರಲಿಲ್ಲ. ಆದಕಾರಣ ಜಿಟಿಒ ಒಂದು ಗಾಡಿಯಾಗಿ ಹುಟ್ಟಲಿಲ್ಲ. ಟೆಂಪೆಸ್ಟ್ ಲೆಮಾನ್ಸ್ ಎಂಬ ಗಾಡಿಗೆ ಸುಮಾರು 296 ಡಾಲರು ಹೆಚ್ಚಾಗಿ ತೆತ್ತು ಪಡೆಯುವ ಒಂದು ಸಾಮಗ್ರಿಯ ಗಂಟಾಗಿ ಹುಟ್ಟಿತು. ಐದು ಸಾವಿರ ಮಾರಿದರೆ ಹೆಚ್ಚು ಎಂದುಕೊಂಡಿದ್ದರು. ಮೊದಲ ವರ್ಷ 32,450 ಮಾರಾಟವಾದವು. ಹೆಸರನ್ನು ಇಟಲಿಯ ಫೆರಾರಿ ಸಂಸ್ಥೆಯ ಗಾಡಿಯಿಂದ ಎತ್ತಿಕೊಂಡರು. ಗ್ರಾನ್ ಟುರಿಸ್ಮೊ ಒಮೊಲೊಗಾಟೊ ಎಂದರೆ ಪಂದ್ಯಕ್ಕೆ ವಿಧಿಪೂರ್ವಕ ಅಂಗೀಕೃತವಾದುದು ಎಂದರ್ಥ. ಇವರ ಗಾಡಿಗೆ ಅಂಥ ಅಂಗೀಕಾರ ಯಾವುದೂ ಇರಲಿಲ್ಲ. ಜನ ಆ ಮೂರು ಅಕ್ಷರಗಳನ್ನು ತಿರುಚಿ ಗಾಡಿಯನ್ನು ಮೇಕೆ ಎಂದು ಕರೆದರು. ಈ ಹೆಸರೇ ನನಗೆ ಹೆಚ್ಚು ಒಪ್ಪಿಗೆಯಾದುದು.

ಇನ್ನೂ ಒಂದು ಸಂಗತಿಯುಂಟು. 1964ರ ಮಾರ್ಚ್ ತಿಂಗಳಿನ 'ಕಾರ್ ಅಂಡ್ ಡ್ರೈವರ್' ಪತ್ರಿಕೆ ಪಾಂಟಿಯಾಕಿನ ಜಿಟಿಒವನ್ನು ಫೆರಾರಿಯ ಜಿಟಿಒಗೆ ಸರಿದೂಗಿಸಿ ಲೇಖನ ಪ್ರಕಟಿಸಿತು. ಪಾಂಟಿಯಾಕಿನ ವೇಗ ಕಂಡು ಓದುಗರು ಬೆರಗಾದರು. ಆ ಗಾಡಿಯ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡ ಸಂಗತಿಯೆಂದರೆ, ಪರೀಕ್ಷೆಗೆ ಕೊಟ್ಟ ಗಾಡಿಯಲ್ಲಿ ಇದ್ದದ್ದು 389ರ ಎಂಜಿನಲ್ಲ, 421ರ ಎಂಜಿನು. ಹೊರಗಿನಿಂದ ನೋಡಿದರೆ ಅದೂ ಹಾಗೆಯೇ ಕಾಣುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಹೀಗೆ, ಇಂದು ಯಾವ ಗಾಡಿಯ ಮೂಲ ಸ್ವರೂಪವನ್ನು ಕಾಪಾಡಬೇಕೆಂದು ವಾದ ನಡೆಯುತ್ತಿದೆಯೋ ಆ ಗಾಡಿಯ ಕೀರ್ತಿ ಮೊದಲಾದದ್ದೇ ಒಂದು ಪ್ರಕ್ಷೇಪದಿಂದ. ಮಾರಾಟಗಾರರೂ ಸುಮ್ಮನಿರಲಿಲ್ಲ. ಡೆಟ್ರಾಯಿಟಿನ ಬಳಿಯ ರಾಯಲ್ ಓಕ್ ಎಂಬ ಊರಿನ ರಾಯಲ್ ಪಾಂಟಿಯಾಕ್ ಅಂಗಡಿಯವರು ಹೊಸ ಗಾಡಿಯನ್ನೇ ಬಿಚ್ಚಿ, ತಿದ್ದಿ, ವೇಗ ಹೆಚ್ಚಿಸಿ ಕೊಡುತ್ತಿದ್ದರು. ಡೆಟ್ರಾಯಿಟಿನಿಂದ ಪಾಂಟಿಯಾಕ್ ಪಟ್ಟಣಕ್ಕೆ ಹೋಗುವ ವುಡ್‌ವರ್ಡ್ ರಸ್ತೆಯಲ್ಲಿ ರಾತ್ರಿಯ ಹೊತ್ತು ಇಂಥ ಗಾಡಿಗಳು ದೀಪದಿಂದ ದೀಪಕ್ಕೆ ಪಂದ್ಯ ಕಟ್ಟುತ್ತಿದ್ದುವು. 1995ರಿಂದ ಆಗಸ್ಟಿನ ಮೂರನೆಯ ಶನಿವಾರ ಅದೇ ರಸ್ತೆಯಲ್ಲಿ ಹಳೆಯ ಗಾಡಿಗಳ ಜಾತ್ರೆ ನೆರೆಯುತ್ತದೆ. ಈಗ ಅವು ನಮ್ಮ ತೇರುಗಳಿಗಿಂತ ನಿಧಾನವಾಗಿ ಚಲಿಸುತ್ತವೆ.

ನಾನು ಓದಿದ ಪತ್ರದ ಗಾಡಿ 1967ರದು. ಆ ವರ್ಷ ಎಂಜಿನು 400 ಘನ ಅಂಗುಲಕ್ಕೆ ಏರಿತ್ತು. ಸಾಮಾನ್ಯ ಮಾದರಿಗೆ 335 ಅಶ್ವಶಕ್ತಿಯೆಂದು ಹೇಳುತ್ತಿದ್ದರು. ಈ ಲೆಕ್ಕವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಆಗ ಎಂಜಿನನ್ನು ಗಾಡಿಯ ಹೊರಗಿಟ್ಟು, ಹೊಗೆಯ ಕೊಳವೆ ಮೊದಲಾದ ಹೊರೆಗಳಿಲ್ಲದೆ ಶಕ್ತಿ ಅಳೆಯುತ್ತಿದ್ದರು. 1972ರಿಂದ ಆ ಹೊರೆಗಳ ಸಹಿತ ಅಳೆಯುವುದು ರೂಢಿಯಾಯಿತು. ಅಂಕಿ ಒಮ್ಮೆಗೇ ಇಳಿಯಿತು. ಆ ವರ್ಷ ತೆರೆದ ಚಾವಣಿಯ ಜಿಟಿಒ ತಯಾರಾದದ್ದು 9,517. ಒಟ್ಟು ಎಂಬತ್ತೆರಡು ಸಾವಿರದ ಹತ್ತಿರದಲ್ಲಿ ಇದು ಸಣ್ಣ ಪಾಲು. ತೆರೆದ ಗಾಡಿ ಮಾಡುವುದು ಸುಲಭವಲ್ಲ. ಲೋಹದ ಚಾವಣಿ ಬಿಸಿಲು ಮಳೆಗಷ್ಟೇ ಅಲ್ಲ, ಗಾಡಿಯ ಒಡಲು ತಿರುಚಿಕೊಳ್ಳದಂತೆ ಹಿಡಿದಿಡುವುದಕ್ಕೂ ಬೇಕು. ಅದನ್ನು ತೆಗೆದರೆ ಆ ಭಾರ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಮುಚ್ಚಿದ ಗಾಡಿಗಳ ಚೌಕಟ್ಟಿನ ತೊಲೆ ಒಂದು ಮಗ್ಗುಲು ತೆರೆದ ದೋಣಿಯಂತಿದ್ದರೆ, ತೆರೆದ ಗಾಡಿಯದು ನಾಲ್ಕು ಮಗ್ಗುಲೂ ಮುಚ್ಚಿದ ಪೆಟ್ಟಿಗೆಯಂತಿರುತ್ತದೆ. ಮೇಲೆ ಹಗುರವಾಗಿ ಕಾಣುವ ಗಾಡಿ ತಳದಲ್ಲಿ ಹೆಚ್ಚು ತೂಕದ್ದು. ಹೀಗಿದ್ದರೂ ಹಳ್ಳ ದಿಣ್ಣೆಯಲ್ಲಿ ಮುಂಭಾಗ ನಡುಗುವುದು ಪೂರ್ತಿ ತಪ್ಪಲಿಲ್ಲ.

ಈ ವೈಭವ ಬಹುಕಾಲ ಬಾಳಲಿಲ್ಲ. ವಿಮೆಯ ಕಂಪನಿಗಳು ಎಳೆಯ ವಯಸ್ಸಿನ ಚಾಲಕರ ಮೇಲೆ ದುಬಾರಿ ಕಂತು ಹೇರಿದವು. 1970ರ ಶುದ್ಧ ಗಾಳಿಯ ಕಾಯಿದೆ ಬಂತು. 1971ರಲ್ಲಿ ಎಂಜಿನುಗಳ ಒತ್ತಡ ತಗ್ಗಿಸಿದರು. ತೆರೆದ ಜಿಟಿಒ ಆ ವರ್ಷವೇ ನಿಂತಿತು. 1973ರ ಅಕ್ಟೋಬರಿನ ತೈಲ ನಿರ್ಬಂಧ ಉಳಿದದ್ದನ್ನು ಮುಗಿಸಿತು. ಗ್ಯಾಲನ್ನಿಗೆ ಹತ್ತು ಹನ್ನೆರಡು ಮೈಲಿ ಓಡುವ ಗಾಡಿ ಯಾರಿಗೆ ಬೇಕು? ತೆರೆದ ಗಾಡಿಗಳ ಕುಲವೇ ಅಳಿಯುತ್ತದೆಂದು ಎಲ್ಲರೂ ನಂಬಿದರು. 1976ರಲ್ಲಿ ಕ್ಯಾಡಿಲಾಕ್ ತನ್ನ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ತೆರೆದ ಕಾರೆಂದು ಸಾರಿತು. ಜನ ನಾಳೆಯ ಚಿನ್ನವೆಂದು ಮುಗಿಬಿದ್ದು ಕೊಂಡರು. 1982ರಲ್ಲಿ ಕ್ರೈಸ್ಲರ್ ಮತ್ತೆ ತೆರೆದ ಗಾಡಿ ತಂದಿತು. 1984ರಲ್ಲಿ ಎಲ್ಡೊರಾಡೊ ತಾನೇ ಮತ್ತೆ ಚಾವಣಿ ತೆರೆಯಿತು. ಕೊಂಡವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪಾಂಟಿಯಾಕ್ ಎಂಬ ಹೆಸರು ಮಾತ್ರ 2010ರಲ್ಲಿ ನಿಂತುಹೋಯಿತು, ತಿರುಗಿ ಬರಲಿಲ್ಲ. ಬ್ರಿಟಿಷರ ವಿರುದ್ಧ 1763ರಲ್ಲಿ ಕತ್ತಿಯೆತ್ತಿದ ಒಟ್ಟಾವಾ ನಾಯಕನ ಹೆಸರದು. ಪಟ್ಟಣಕ್ಕೆ ಬಂದು, ಪಟ್ಟಣದಿಂದ ಗಾಡಿಗೆ ಬಂದು, ಈಗ ಪಟ್ಟಣದಲ್ಲಷ್ಟೇ ಉಳಿದಿದೆ.

ಪತ್ರವನ್ನು ಬರೆದವರು ಮಗಳ ಮನೆಯಿಂದ ಮೂರು ಬೀದಿಯಾಚೆ ಇದ್ದ, ಎಪ್ಪತ್ತೇಳು ವಯಸ್ಸಿನ ಒಬ್ಬ ಹಿರಿಯರು. ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ಕುಶಲ ಕೆಲಸಗಾರರಾಗಿದ್ದವರು. ಬೆಳಗಿನ ತಿರುಗಾಟದಲ್ಲಿ ಪರಿಚಯವಾಯಿತು. ಗಾಜಿಗೆ ಒಳಗಿನಿಂದ ಅಂಟಿಸಿದ್ದ ಆ ಪತ್ರವನ್ನು ನಾನು ನಿಂತು ಪೂರ್ತಿ ಓದಿದ್ದು ಕಂಡು, "ಇದುವರೆಗೆ ಯಾರೂ ಎರಡನೆಯ ಪುಟಕ್ಕೆ ಹೋಗಿಲ್ಲ ಪ್ರೊಫೆಸರ್, ಮೊದಲ ಪುಟದ ಕೊನೆಯಲ್ಲಿ ಬೆಲೆ ಇದೆಯಲ್ಲ" ಎಂದು ನಕ್ಕರು. ಬೆಲೆ 68,000 ಡಾಲರು.

ತೈಲದ ಬಿಕ್ಕಟ್ಟಿನ ಮರುವರ್ಷ, 1974ರಲ್ಲಿ, ಬೇಡದ ಗಾಡಿಯೆಂದು ಯಾರೋ ಮಾರುತ್ತಿದ್ದುದನ್ನು ಅವರು ಅಗ್ಗವಾಗಿ ಕೊಂಡರಂತೆ. ಹತ್ತು ವರ್ಷ ದಿನವೂ ಕೆಲಸಕ್ಕೆ ಅದರಲ್ಲೇ ಹೋಗಿಬಂದರು. ಅದನ್ನು ಕೆಡಿಸಿದ್ದು ಉಪ್ಪು. ಡೆಟ್ರಾಯಿಟಿನ ನೆಲದಡಿಯಲ್ಲಿ, ಸಾವಿರದ ನೂರು ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ಆ ಪ್ರದೇಶದ ರಸ್ತೆಗಳಿಗೆಲ್ಲ ಉಪ್ಪು ಚೆಲ್ಲುತ್ತಾರೆ. ಲೋಕಕ್ಕೆಲ್ಲ ಗಾಡಿ ಮಾಡಿಕೊಟ್ಟ ಊರು ಗಾಡಿಯನ್ನು ತಿನ್ನುವ ಮದ್ದನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ಹಿಂದಿನ ಚಕ್ರಗಳ ಮೇಲಿನ ತಗಡು, ಕಾಲಿಡುವ ನೆಲ, ಸಾಮಾನಿನ ಡಿಕ್ಕಿಯ ತಳ, ಕೊನೆಗೆ ಆ ಪೆಟ್ಟಿಗೆಯಂಥ ಚೌಕಟ್ಟಿನ ಹಿಂತುದಿ ಎಲ್ಲವೂ ತುಕ್ಕಿಗೆ ತುತ್ತಾದವು. ಒಡಲನ್ನು ಚೌಕಟ್ಟಿನಿಂದ ಪೂರ್ತಿ ಎತ್ತಿ ಬೇರೆ ಮಾಡಿ, ಕೆಟ್ಟ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದು, ಮೊಳೆಯಿಂದ ಮೊಳೆಗೆ ಮತ್ತೆ ಜೋಡಿಸುವ ಕೆಲಸ ಅವರ ನಿವೃತ್ತಿಯ ಮೊದಲ ಆರು ವರ್ಷಗಳನ್ನು ತೆಗೆದುಕೊಂಡಿತು.

ನಮ್ಮ ಶಾಸನಗಳಲ್ಲಿ ದೇವಾಲಯಕ್ಕೆ ದತ್ತಿ ಬಿಡುವಾಗ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಬರೆಯುತ್ತಾರೆ. ಮುರಿದದ್ದು, ಬಿರುಕು ಬಿಟ್ಟದ್ದು, ಸವೆದದ್ದು ಇವನ್ನು ಸರಿಪಡಿಸಲೆಂದು ಅರ್ಥ. ಇವರ ಪತ್ರದ ಮೊದಲ ಪುಟ ಅಂಥದೇ. ಎರಡನೆಯ ಪುಟದಲ್ಲಿ ಮಾರ್ಪಾಟುಗಳ ಪಟ್ಟಿ. ಹಳೆಯ ಎಂಜಿನಿನ ಜಾಗದಲ್ಲಿ ಜನರಲ್ ಮೋಟಾರ್ಸಿನದೇ ಆದ, 1997ರಲ್ಲಿ ಮೊದಲು ಬಂದ ಎಲ್‌ಎಸ್ ಬಗೆಯ ಅಲ್ಯುಮಿನಿಯಮ್ ಎಂಜಿನು. ಬೀಡುಕಬ್ಬಿಣದ ಹಳೆಯದಕ್ಕಿಂತ ನೂರು ಪೌಂಡಿಗೂ ಮೀರಿ ಹಗುರ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಐದು ಗೇರಿನ ಪೆಟ್ಟಿಗೆ. 14 ಅಂಗುಲದ ಚಕ್ರಗಳ ಬದಲು 17 ಅಂಗುಲದವು. 1967ರಲ್ಲಿ ಸೊಂಟಕ್ಕೆ ಕಟ್ಟುವ ಪಟ್ಟಿಯಷ್ಟೇ ಸಾಮಾನ್ಯವಾಗಿತ್ತು. ಇವರು ಭುಜದ ಮೇಲೂ ಬರುವ ಪಟ್ಟಿಗಳನ್ನು ಹಾಕಿಸಿದ್ದರು. ಪ್ರತಿಯೊಂದರ ಮುಂದೆ ಕಾರಣ. ಬ್ರೇಕಿನ ಮುಂದೆ, "ಹಳೆಯವು ಮಳೆಯಲ್ಲಿ ನೆನೆದರೆ ಹಿಡಿಯುತ್ತಿರಲಿಲ್ಲ" ಎಂದಿತ್ತು. ಪಟ್ಟಿಯ ಮುಂದೆ, "ಮೊಮ್ಮಗಳು" ಎಂಬ ಒಂದೇ ಮಾತು.

ಮೂರನೆಯ ಪುಟ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಏನೇನು ತೆಗೆದೆ, ತೆಗೆದದ್ದು ಎಲ್ಲಿದೆ ಎಂಬ ಪಟ್ಟಿ. ಹಳೆಯ ಎಂಜಿನು ಮರದ ಪೀಠದ ಮೇಲೆ, ಎಣ್ಣೆ ಹಚ್ಚಿ, ಗ್ಯಾರೇಜಿನ ಮೂಲೆಯಲ್ಲಿ. ಹಳೆಯ ಬ್ರೇಕಿನ ಡ್ರಮ್ಮುಗಳು, ಚಕ್ರಗಳು, ಗೇರಿನ ಪೆಟ್ಟಿಗೆ ಎಲ್ಲವೂ ಚೀಟಿ ಕಟ್ಟಿ ಪೆಟ್ಟಿಗೆಗಳಲ್ಲಿ. ಯಾವ ತಗಡು ಮೂಲದ್ದು, ಯಾವುದು ಹೊಸದು ಎಂದು ಗಾಡಿಯ ನಕ್ಷೆಯ ಮೇಲೆ ಎರಡು ಬಣ್ಣದಲ್ಲಿ ಗುರುತು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಬಂದ ಪೀಳಿಗೆ ನಮ್ಮದು. ಓಲೆಯ ಪ್ರತಿಯಲ್ಲಿ ಅಕ್ಷರ ಹುಳು ತಿಂದುಹೋಗಿದ್ದರೆ ಸಂಪಾದಕ ತನಗೆ ತೋರಿದ್ದನ್ನು ತುಂಬಬಹುದು. ಆದರೆ ಕಂಸದೊಳಗೆ ಹಾಕಬೇಕು, ಉಳಿದ ಪ್ರತಿಗಳ ಪಾಠವನ್ನು ಅಡಿಯಲ್ಲಿ ಕೊಡಬೇಕು. ಎಂದೂ ಪುಸ್ತಕ ಸಂಪಾದಿಸದ ಈ ಅಚ್ಚಿನ ಕೆಲಸಗಾರರು ತಮ್ಮ ಗಾಡಿಗೆ ಅಡಿಟಿಪ್ಪಣಿ ಬರೆದಿದ್ದರು.

ಇದಕ್ಕೆ ಇಷ್ಟು ಮಹತ್ವ ಏಕೆಂದರೆ, ಈ ಲೋಕದಲ್ಲಿ ಸುಳ್ಳಿಗೆ ಬಹಳ ಬೆಲೆಯಿದೆ. 1971ರ ಪ್ಲಿಮತ್ ಹೆಮಿ ಕುಡಾ ಎಂಬ ತೆರೆದ ಗಾಡಿಗಳು ತಯಾರಾದದ್ದು ಹತ್ತು ಹನ್ನೊಂದರಷ್ಟೇ. ಅವುಗಳಲ್ಲಿ ಒಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅದೇ ಒಡಲಿನ, ಬೇರೆ ಎಂಜಿನಿನ ಗಾಡಿಗೆ ಅದರ ಹತ್ತಿರದ ಬೆಲೆಯೂ ಇಲ್ಲ. ಹೀಗಾಗಿ ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನೇ ಇದು ಎಂಬುದಕ್ಕೆ ಸಾಕ್ಷಿ ಬೇಕು. ಆ ಸಾಕ್ಷ್ಯಗಳ ಶಾಸ್ತ್ರ ನಮ್ಮ ಶಾಸನ ಪರಿಶೀಲನೆಗೆ ಕಡಮೆಯದಲ್ಲ. 1967ರ ಪಾಂಟಿಯಾಕಿನಲ್ಲಿ ಗಾಡಿಯ ಸಂಖ್ಯೆಯ ಫಲಕ ಚಾಲಕನ ಬಾಗಿಲಿನ ಕೀಲಿನ ಕಂಬದ ಮೇಲಿದೆ. 242 ಎಂದು ತೊಡಗಿದರೆ ಜಿಟಿಒ, ಮುಂದಿನ 67 ತೆರೆದ ಚಾವಣಿ, ಆ ಮೇಲಿನ 7 ವರ್ಷ. ಎಂಜಿನಿನ ಎರಕದ ಮೇಲೆ ಒಂದು ಅಕ್ಷರ, ಕೆಲವು ಅಂಕಿ: ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ. ಈ ಹಿರಿಯರ ಎಂಜಿನಿನ ಮೇಲೆ ಬಿ 227 ಎಂದಿತ್ತು, ಎಂದರೆ 1967ರ ಫೆಬ್ರವರಿ 22. ಒಡಲಿನ ಫಲಕ ಅದೇ ವರ್ಷದ ಮಾರ್ಚ್ ಎರಡನೆಯ ವಾರವನ್ನು ಹೇಳುತ್ತಿತ್ತು. ಎರಕ ಮೊದಲು, ಜೋಡಣೆ ಆಮೇಲೆ, ಕಾಲ ಕೂಡಿಬಂತು. ತಿರುವುಮುರುವಾಗಿದ್ದರೆ ಕೃತಕವೆಂದು ಅಲ್ಲೇ ಗೊತ್ತಾಗುತ್ತಿತ್ತು. 1964, 1965ರ ಗಾಡಿಗಳಲ್ಲಿ ಜಿಟಿಒ ಬರಿಯ ಹೆಚ್ಚುವರಿ ಸಾಮಗ್ರಿಯಾಗಿದ್ದರಿಂದ ಸಂಖ್ಯೆಯಲ್ಲಿ ಅದರ ಗುರುತಿಲ್ಲ. ಅಲ್ಲಿ ಸಾಧಾರಣ ಲೆಮಾನ್ಸಿಗೆ ಜಿಟಿಒ ಫಲಕ ಹಚ್ಚಿ ಮಾರುವುದು ಸುಲಭ. ಕಾರ್ಖಾನೆಯ ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆಯಿಂದ ನಕಲು ತರಿಸಿ ನೋಡಬೇಕು. ಅಂಕಿಗಳನ್ನು ಅರೆದು ಅಳಿಸಿ ಹೊಸ ಅಂಕಿಗಳನ್ನು ಒತ್ತುವವರೂ ಇದ್ದಾರೆ. ತಾಮ್ರಶಾಸನಗಳ ಕೂಟಲೇಖಗಳ ಸುದ್ದಿ ಬಲ್ಲವರಿಗೆ ಇದು ಹೊಸದೇನಲ್ಲ.

ಇನ್ನೊಂದು ತುದಿಯಲ್ಲಿ ಶುದ್ಧವಾದಿಗಳಿದ್ದಾರೆ. ಅವರ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕೊಳವೆಯ ಬಿಗಿಪಟ್ಟಿ ಆ ಕಾಲದ್ದೇ ಎಂದು ನೋಡುತ್ತಾರೆ. ಕಾರ್ಖಾನೆಯ ಪರೀಕ್ಷಕ ಅವಸರದಲ್ಲಿ ಬಳಿದ ಬಣ್ಣದ ಗುರುತು, ಬಣ್ಣ ಸಿಡಿದು ಪಕ್ಕಕ್ಕೆ ಬಿದ್ದ ಕಲೆ, ಇವನ್ನೂ ಕೆಲವರು ಶ್ರದ್ಧೆಯಿಂದ ಮರುಸೃಷ್ಟಿಸುತ್ತಾರೆ. ಲಿಪಿಕಾರನ ಸ್ಖಾಲಿತ್ಯವನ್ನು ಹಾಗೆಯೇ ಅಚ್ಚು ಹಾಕುವ ಸಂಪಾದಕರನ್ನು ನಾನು ಗೌರವಿಸಿದ್ದೇನೆ, ಸ್ಖಾಲಿತ್ಯವನ್ನು ಹೊಸದಾಗಿ ಬರೆದು ಸೇರಿಸುವವರನ್ನು ಮಾತ್ರ ಇಲ್ಲಿ ಮೊದಲು ಕಂಡೆ. ಅಂಥ ಗಾಡಿಗಳಲ್ಲಿ ಎಷ್ಟೋ ರಸ್ತೆಗೆ ಇಳಿಯುವುದಿಲ್ಲ. ಮುಚ್ಚಿದ ಲಾರಿಯಲ್ಲಿ ಜಾತ್ರೆಗೆ ಬಂದು ಮುಚ್ಚಿದ ಲಾರಿಯಲ್ಲಿ ಹಿಂತಿರುಗುತ್ತವೆ. ಅವರ ದೃಷ್ಟಿಯಲ್ಲಿ ಈ ಹಿರಿಯರು ಮಾಡಿದ್ದು ಅಪಚಾರ. ನನಗೆ ಹಾಗನ್ನಿಸಲಿಲ್ಲ. ಈ ಗಾಡಿ ಹುಟ್ಟಿದ್ದೇ ಒಂದರ ಒಡಲಿಗೆ ಇನ್ನೊಂದರ ಎಂಜಿನು ಹಾಕಿದ್ದರಿಂದ. 1963ರಲ್ಲಿ ಮೂವರು ಎಂಜಿನಿಯರುಗಳು ಮಾಡಿದ್ದನ್ನು ಇವರು ಮತ್ತೊಮ್ಮೆ ಮಾಡಿದರು, ಮುಚ್ಚಿಡದೆ ಮಾಡಿದರು.

ಏಕೆ ಮಾರುತ್ತೀರೆಂದು ಕೇಳಿದೆ. ಎಡಮೊಣಕಾಲು ಕ್ಲಚ್ಚನ್ನು ಒತ್ತಲು ಒಪ್ಪುತ್ತಿಲ್ಲವೆಂದರು. ಮಗ ದೂರದ ಅರಿಜೋನಾದಲ್ಲಿ, ಅವನಿಗೆ ಬೇಡ. ಮೊಮ್ಮಗಳಿಗೆ ಕೊಡಬೇಕೆಂಬ ಆಸೆಯಿತ್ತು. ಅವಳು ವಿದ್ಯುತ್ತಿನ ಗಾಡಿ ಕೊಂಡಳು. ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಗಿರಾಕಿಯೊಬ್ಬ ಬಂದ. ಗಾಡಿಯನ್ನು ಒಂದು ಸುತ್ತು ನೋಡಿ, ನೇರವಾಗಿ ಗ್ಯಾರೇಜಿನ ಮೂಲೆಗೆ ಹೋಗಿ ಹಳೆಯ ಎಂಜಿನಿನ ಮೇಲಿನ ಬಟ್ಟೆ ಸರಿಸಿ, ಕೈದೀಪ ಹಿಡಿದು ಅಂಕಿಗಳನ್ನು ಓದಿದ. ಗಾಡಿ ಬೇಡ, ಎಂಜಿನಷ್ಟೇ ಕೊಡಿ, 8,000 ಡಾಲರು ಎಂದ. ಅವನ ಬಳಿ 1967ರದೇ ಇನ್ನೊಂದು ತೆರೆದ ಜಿಟಿಒ ಇತ್ತಂತೆ, ಎಂಜಿನು ಕಳೆದುಕೊಂಡದ್ದು. ಜೋಡಣೆಯ ತಾರೀಖು ಮಾರ್ಚ್ ಕೊನೆಯ ವಾರ. ಬಿ 227 ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮುಂದೆ ಒತ್ತಿದ್ದ ಉಳಿದ ಅಂಕಿಯ ಗತಿ ಏನು ಎಂದು ಹಿರಿಯರು ಕೇಳಿದರು. ಅವನು ಭುಜ ಕುಣಿಸಿದ. ಬಟ್ಟೆಯನ್ನು ಮತ್ತೆ ಹೊದಿಸಿ, "ಇದು ಆ ಗಾಡಿಯ ಜೊತೆಗೇ ಹೋಗುತ್ತದೆ" ಎಂದು ಅವನನ್ನು ಬಾಗಿಲವರೆಗೆ ಕಳಿಸಿಬಂದರು. ಗಾಡಿ ಕೊಳ್ಳಲು ಬಂದ ಇನ್ನಿಬ್ಬರು ಆ ಎಂಜಿನೂ ಪೆಟ್ಟಿಗೆಗಳೂ ತಮಗೆ ಹೊರೆ, ಅವನ್ನು ಬಿಟ್ಟು ಬೆಲೆ ಇಳಿಸಿ ಎಂದರು. ಅದಕ್ಕೂ ಇವರು ಒಪ್ಪಲಿಲ್ಲ. ನಾಲ್ಕು ಸಾವಿರ ಡಾಲರು ಬೇಕಾದರೆ ಇಳಿಸಿಯೇನು, ಪೆಟ್ಟಿಗೆಗಳನ್ನು ಬಿಡಲಾರೆ ಎಂದರು.

ನಾನು ಊರಿಗೆ ಹೊರಡುವ ಹೊತ್ತಿಗೆ ನವೆಂಬರಾಗಿತ್ತು. ಆ ಬೀದಿಯಲ್ಲಿ ಉಪ್ಪಿನ ಲಾರಿ ಆ ಸಲದ ಮೊದಲ ಸುತ್ತು ಹಾಕಿಹೋಗಿತ್ತು. ಹಿರಿಯರು ಚಾವಣಿ ಮುಚ್ಚಿ, ಪೆಟ್ರೋಲಿಗೆ ಕೆಡದ ಮದ್ದು ಬೆರೆಸಿ, ಬ್ಯಾಟರಿಯ ತಂತಿ ಬಿಚ್ಚಿಟ್ಟು, ಗಾಡಿಯನ್ನು ಗ್ಯಾರೇಜಿನಲ್ಲಿ ಹಳೆಯ ಎಂಜಿನಿನ ಪಕ್ಕಕ್ಕೆ ನಿಲ್ಲಿಸಿದ್ದರು. ಮೂರು ಪುಟಗಳಲ್ಲಿ ತಾರೀಖೊಂದನ್ನು ಬದಲಿಸಿ, ಏಪ್ರಿಲಿನಲ್ಲಿ ಮತ್ತೆ ಅಂಟಿಸುತ್ತೇನೆಂದರು.